ಅತ್ತೆಯ ಒಂದು-ಸೊನ್ನೆ ಮತ್ತು ನನ್ನ ಅರ್ಧ

ನಮ್ಮ ಸೋದರತ್ತೆಗೆ ಮಿಕ್ಸ್‌ಚರ್ ತಿನ್ನಲು ಬರುವುದಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು! ನನಗೆ ಹೆಣ್ಣು ನೋಡಲು ಹಗರಿಬೊಮ್ಮನಹಳ್ಳಿಗೆ ಹೋದಾಗ, ತಟ್ಟೆ ಮುಂದೆ ಬಂದದ್ದೇ ತಡ, ಶೇಂಗಾ ಒಂದು ಕಡೆ, ಪುಟಾಣಿ ಒಂದು ಕಡೆ, ಖಾರಾಸೇವು ಇನ್ನೊಂದು ಕಡೆ ಗುಡ್ಡೆ ಹಾಕತೊಡಗಿದಳು.

“ಯಾಕ್ರಿ ಅಕ್ಕಾರ, ಕೆಟ್ಟೈತೇನ್ರಿ?” ಎಂದು ಹುಡುಗಿಯ ತಂದೆ ಗಾಬರಿಯಾದರು.

“ಇಲ್ರಿ. ಒಂದ ಥರದ್ದು ಒಂದ ಕಡಿ ಇದ್ರ ಲಗೂನ ಮುಗಿತೈತಿ.”

ನನ್ನ ಮಾನ ಅಲ್ಲೇ ಹರಾಜಾಯಿತು! ಆದರೂ ಸಂಬಂಧ ಕುದುರಿತು. ತಾನು ಒಪ್ಪಿದ್ದು ನನ್ನನ್ನು ನೋಡಿ ಅಲ್ಲ, ಅತ್ತೆಯನ್ನು ನೋಡಿ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಅತ್ತೆ ಹೂವಿನಹಡಗಲಿಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಬೇರೆಯವರು ತೀರ್ಥಯಾತ್ರೆಗೆ ಹೊರಡುವ ವಯಸ್ಸಿನಲ್ಲಿ ಈಕೆ ಕಂಪ್ಯೂಟರ್ ಭಾಷೆ ಕಲಿತಳು. ಅದಾದರೂ ಎಂಥದು? ಅಂಕಿಗಳನ್ನು ಒಂದೊಂದಾಗಿ ಮುಟ್ಟದೆ, ಇಡೀ ಸಾಲನ್ನೇ ಒಂದೇ ಏಟಿಗೆ ಲೆಕ್ಕ ಹಾಕುವಂಥದು! ಅದರಲ್ಲಿ ಮಲ್ಲಿಗೆ ಬೆಳೆಗಾರರ ಸಂಘಕ್ಕೊಂದು ಪ್ರೋಗ್ರಾಂ ಬರೆದಳು. ತೋಟದಲ್ಲಿ ಅಂದು ಮೊಗ್ಗು ಬಿಡಿಸಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಇಂದಿನ ಸಾಲನ್ನು ಹಳೆಯ ವರ್ಷಗಳ ಸಾಲುಗಳ ಜೊತೆ ಹೋಲಿಸಿ, ನಾಳೆ ಯಾವ ತೋಟಕ್ಕೆ ಎಷ್ಟು ಆಳು ಬೇಕೆಂದು ಸಂಘದ ಮುದಿ ಕಂಪ್ಯೂಟರು ಚಹಾ ಆರುವುದರೊಳಗೆ ಹೇಳುತ್ತಿತ್ತು.

ಈ ಶ್ರಾವಣದಲ್ಲಿ ಅದು ಇದ್ದಕ್ಕಿದ್ದಂತೆ ಕುಂಟತೊಡಗಿತು. ಉತ್ತರ ಬರುವಷ್ಟರಲ್ಲಿ ಆಳುಗಳು ಬಸ್ಸು ಹತ್ತಿ ಊರು ಸೇರಿಬಿಡುತ್ತಿದ್ದರು.

“ಟೀಚರ್ರ, ಸೋಮವಾರದತನಕ ನೋಡ್ತೀವ್ರಿ. ಆಗ್ಲಿಲ್ಲಂದ್ರ ಮೊದ್ಲಿನಂಗ ಅಂದಾಜಿನ ಮ್ಯಾಲ ನಡಸ್ತೀವಿ,” ಎಂದರು ಸಂಘದ ಅಧ್ಯಕ್ಷರು. ಅತ್ತೆ ಅಂದು ಊಟ ಮಾಡಲಿಲ್ಲ. ಎರಡು ದಿನ ಪರದೆಗೆ ಮೂಗು ಹಚ್ಚಿ ಕೂತವಳು ಭಾನುವಾರ ತಲೆಯೆತ್ತಿ ಗುಡುಗಿದಳು.

“ಲೇ, ಇಲ್ಲಿ ಅರ್ಧ ಅಂತ ಯಾವನು ಬರದಾನ?”

ನಾನೇ! ಅತ್ತೆಗೆ ಜ್ವರ ಬಂದಾಗ ಒಂದು ದಿನ ಅಂಕಿ ತುಂಬಿಸಿದ್ದೆ. “ಅತ್ತೀ, ಅರ್ಧ ತೋಟ ಬಿಡಿಸಿದ್ರು, ಮಳಿ ಬಂತು. ಸುಳ್ಳು ಹೆಂಗ ಬರೀಲಿ?”

“ಒಂದು-ಸೊನ್ನಿ ಆದ್ರ ಕಂಪ್ಯೂಟರಿನ್ಯಾಗ ಒಂದೊಂದಕ್ಕ ಒಂದ ಬಿಟ್, ಅಂದ್ರ ಒಂದ ಚುಕ್ಕಿಯಷ್ಟ ಜಾಗ ಸಾಕು. ನಿನ್ನ ಅರ್ಧದ ದೆಸಿಯಿಂದ ಇಡೀ ಪಟ್ಟಿ ದಶಾಂಶ ಆಗಿ, ಒಂದೊಂದಕ್ಕೂ ಅರವತ್ನಾಲ್ಕು ಬಿಟ್ ಬೇಕಾತು. ಅಷ್ಟು ಹೊತ್ಕೊಂಡು ಆ ಮುದುಕ ಓಡ್ತಾನೇನು?”

ಒಬ್ಬ ದಪ್ಪ ನೆಂಟ ಬಂದನೆಂದು ಮನೆಮಂದಿಗೆಲ್ಲ ಅವನ ಅಳತೆಯ ಅಂಗಿ ಹೊಲಿಸಿದ ಹಾಗಾಯಿತಲ್ಲ! ನಾನು ತಲೆ ತಗ್ಗಿಸಿದೆ. ಅತ್ತೆ ಬೈಯಲಿಲ್ಲ. ‘ಮಳೆಗೆ ನಿಂತಿತೇ?’ ಎಂದು ಒಂದು-ಸೊನ್ನೆಯ ಬೇರೆಯದೇ ಪಟ್ಟಿ ಮಾಡಿ, ಅರ್ಧದ ಜಾಗಕ್ಕೆ ಒಂದು ಬರೆದು, ಮಳೆಯ ಸಂಗತಿಯನ್ನು ಅಲ್ಲಿಗೆ ದಾಟಿಸಿದಳು. “ನೀ ಬರದದ್ದು ಖರೇನ. ಜಾಗ ತಪ್ಪಿತ್ತು, ಅಷ್ಟ.”

ಸೋಮವಾರ ಅಧ್ಯಕ್ಷರು ಚಹಾದ ಲೋಟಕ್ಕೆ ಕೈ ಹಾಕುವ ಮೊದಲೇ ಉತ್ತರ ಬಂತು! “ನಮ್ಮತ್ತೆ!” ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ. ಹೆಮ್ಮೆ ಪಡದೆ ಏನು ಮಾಡಲಿ?

ಅಂದು ಸಂಜೆ ಅತ್ತೆ ಪಿನ್ನು ತರಲು ಹೇಳಿದಳು. ಗುಂಡಿ, ಪಿನ್ನು, ಸೂಜಿ ಎಂದು ಆಕೆ ತನ್ನ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾಳೆ. ಚೀಟಿಯೇ ಇಲ್ಲದ ಒಂದನ್ನು ನಾನು ತಪ್ಪಿ ತೆಗೆದೆ. ಒಳಗೆ ನನ್ನ ಹಾಲುಹಲ್ಲು, ಬಳಪದ ಚೂರು, ಒಂಟಿ ಕಾಲುಚೀಲ. ತಳದಲ್ಲಿ, ಅವ್ವ ತೀರಿಕೊಂಡ ಮೇಲೆ ಏಳು ವರ್ಷದ ನನ್ನನ್ನು ಅತ್ತೆ ಕೂಡ್ಲಿಗಿಯಿಂದ ಕರೆತಂದ ಬಸ್ಸಿನ ಅರ್ಧ ಟಿಕೆಟ್ಟು.

“ಅತ್ತೀ, ಇದೊಂದು ಯಾಕ ಹಿಂಗ ಎಲ್ಲಾ ಕೂಡಿ ಬಿದ್ದೈತಿ? ಬ್ಯಾರೆ ಬ್ಯಾರೆ ಮಾಡ್ಲೇನು?”

“ಮುಟ್ಟಬ್ಯಾಡ,” ಎಂದು ಡಬ್ಬಿ ಕಸಿದುಕೊಂಡಳು.

“ಹಿಂಗ ಇದ್ರ ಹುಡುಕಾಕ ಹೊತ್ತು ಹಿಡೀತೈತಿ.”

“ಹಿಡೀಲಿ,” ಎಂದಳು ಅತ್ತೆ, ಟಿಕೆಟ್ಟನ್ನು ಅಂಗೈಯಲ್ಲಿಟ್ಟು ನೀವುತ್ತ.