ಅವರೆಕಾಯಿ ಬಣ್ಣದ ಕಾರು ಕೇಳಿದ್ದೆವು

ಜರಗನಹಳ್ಳಿ, ಕನಕಪುರ ರಸ್ತೆ,
ಬೆಂಗಳೂರು ದಕ್ಷಿಣ ತಾಲ್ಲೂಕು.
೨೦ನೇ ಡಿಸೆಂಬರ್ ೧೯೬೪

ಬೊಂಬಾಯಿಯ ಪುಷ್ಪಕ ಮೋಟಾರು ಕಂಪನಿಯ ಬಣ್ಣ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಮಿಡ್ಲ್ ಸ್ಕೂಲಿನ ನಿವೃತ್ತ ಹೆಡ್ಮಾಸ್ಟರನಾದ ಗಂಗಾಧರಯ್ಯನೆಂಬ ನಾನು ತಮಗೂ, ತಮ್ಮ ಕೈಕೆಳಗಿನ ಸಮಸ್ತ ಬಣ್ಣಗಾರರಿಗೂ, ಅವರು ಬಣ್ಣ ಕಲಸುವ ಡ್ರಮ್ಮುಗಳಿಗೂ ಭಯಭಕ್ತಿಯಿಂದ ನಮಸ್ಕರಿಸಿ ಮಾಡುವ ವಿಜ್ಞಾಪನೆ ಏನೆಂದರೆ, ಇಲ್ಲಿ ನಾವೆಲ್ಲ ಕ್ಷೇಮ. ತಾವು ಕಳುಹಿಸಿದ ಎರಡು ಸೀಟಿನ, ಮೇಲು ಹೊದಿಕೆ ಮಡಿಚಿಡಬಹುದಾದ ಪುಷ್ಪಕ ಸ್ಪೋರ್ಟ್ಸ್ ಕಾರು ಕೂಡ ಕ್ಷೇಮ. ಅದರ ಚಕ್ರಗಳು ನಾಲ್ಕೂ ಇವೆ, ಹಾರನ್ನು ವಸಂತಪುರದ ಗುಡ್ಡದವರೆಗೆ ಕೇಳಿಸುತ್ತದೆ, ಕನ್ನಡಿಯಲ್ಲಿ ಮುಖ ನೋಡಿಕೊಂಡವರು ಇನ್ನೊಮ್ಮೆ ನೋಡಿಕೊಳ್ಳುತ್ತಾರೆ. ದೂರು ಇರುವುದು ಅದರ ಬಣ್ಣದ ಬಗ್ಗೆ ಮಾತ್ರ, ಮತ್ತು ಆ ದೂರು ಮುಗಿಯುವವರೆಗೆ ತಾವು ಕುರ್ಚಿಯಿಂದ ಏಳಬಾರದೆಂದು ಮೊದಲೇ ಪ್ರಾರ್ಥಿಸುತ್ತೇನೆ.

ಕಾರು ನನ್ನದಲ್ಲ, ನನ್ನ ಧರ್ಮಪತ್ನಿ ಮಂಗಮ್ಮನದು. ನಾನು ಈ ಊರಿಗೆ ಮನೆ ಅಳಿಯನಾಗಿ ಬಂದವನು. ಹೊಲ ಅವಳ ತಂದೆಯ ಕಾಲದ್ದು. ಜಯನಗರದ ಬ್ಲಾಕುಗಳು ಒಂದೊಂದಾಗಿ ತೆಂಕಣಕ್ಕೆ ನಡೆದು ಬರುತ್ತಿರುವುದನ್ನು ತಾವು ಬೊಂಬಾಯಿಯಲ್ಲಿ ಕೇಳಿರಲಾರಿರಿ, ಆದರೆ ನಮಗೆ ಪ್ರತಿ ವರ್ಷ ಒಂದಿಷ್ಟು ಹತ್ತಿರದಿಂದ ಕೇಳಿಸುತ್ತದೆ. ಎರಡು ವರ್ಷದ ಕೆಳಗೆ ಬಡಾವಣೆ ಆಫೀಸಿನವರು ನಾಲ್ಕು ಎಕರೆ ತೆಗೆದುಕೊಂಡು ಪರಿಹಾರ ಕೊಟ್ಟರು. ಉಳಿದದ್ದು ಒಂದೇ ಎಕರೆ, ಅದರಲ್ಲಿ ಅವರೆ. ಪರಿಹಾರದ ಹಣದಲ್ಲಿ ಮನೆಗೆ ತಾರಸಿ ಹಾಕಿಸೋಣವೆಂದು ನಾನು, ಇಟ್ಟಿಗೆ ಲಾರಿ ಇನ್ನೊಂದು ಕೊಳ್ಳೋಣವೆಂದು ಅವಳ ದೊಡ್ಡಪ್ಪನ ಮಗ ಬೋರಣ್ಣ, ಹೀಗೆ ನಾವಿಬ್ಬರೂ ಬುದ್ಧಿವಂತಿಕೆಯ ಮಾತು ಆಡುತ್ತಿರುವಾಗಲೇ ಅವಳು ತಮ್ಮ ಬಣ್ಣಬಣ್ಣದ ಪುಸ್ತಿಕೆಯನ್ನು ಮುಂದಿಟ್ಟು, "ಇಪ್ಪತ್ತೈದು ವರ್ಷ ಕುಕ್ಕೆ ಹೊತ್ಕೊಂಡು ಬಸ್ಸಿಗೆ ಕಾದಿದೀನಿ ಮೇಷ್ಟ್ರೇ. ಆ ಕಂಡಕ್ಟ್ರು ಕುಕ್ಕೆ ನೋಡಿದ್ ಕೂಡ್ಲೇ ರೈಟ್ ಅಂತಾನೆ. ಈಗ ನಾನೇ ರೈಟ್ ಅಂತೀನಿ," ಎಂದುಬಿಟ್ಟಳು. ಎರಡೇ ಸೀಟು ಇದೆಯಲ್ಲಮ್ಮಾ ಎಂದೆ. "ಅದ್ಕೇ ಬೇಕು. ಒಂದ್ರಲ್ಲಿ ನಾನು, ಒಂದ್ರಲ್ಲಿ ಅವರೆಕಾಯಿ ಕುಕ್ಕೆ. ನಿಮ್ ತಂಗೀರು, ನಮ್ ಅತ್ತಿಗೇರು, ಯಾರೂ ಹಂಗೇ ಬಸವನಗುಡಿಗೆ ಬಿಟ್ಬಿಡಿ ಅನ್ನಂಗಿಲ್ಲ," ಎಂದಳು. ನಾನು ಎಲ್ಲಿ ಕೂರಬೇಕೆಂದು ಕೇಳುವ ಧೈರ್ಯ ಬರಲಿಲ್ಲ. ಬೋರಣ್ಣನ ಲಾರಿಯಲ್ಲಿ ಅವಳು ಮೂರೇ ತಿಂಗಳಲ್ಲಿ ಡ್ರೈವಿಂಗ್ ಕಲಿತಳು. ನನಗೆ ಇವತ್ತಿಗೂ ಸೈಕಲ್ಲಿನ ಹೊರತು ಏನೂ ಬಾರದು.

ತಮ್ಮ ಪುಸ್ತಿಕೆಯ ಕೊನೆಯ ಪುಟದಲ್ಲಿ, ಕಪ್ಪು, ಬಿಳಿ, ಕೆಂಪು ಇವುಗಳ ಹೊರತು ವಿಶೇಷ ಬಣ್ಣವನ್ನು ಅಪೇಕ್ಷಿಸುವ ಗ್ರಾಹಕರು ಆ ಬಣ್ಣದ ಮಾದರಿಯನ್ನು ಅಂಚೆಯ ಮೂಲಕ ಕಳುಹಿಸಿದಲ್ಲಿ ಕಂಪನಿಯು ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಹೊಂದಿಸಿಕೊಡುವುದೆಂದು ಅಚ್ಚಾಗಿತ್ತು. ಮಂಗಮ್ಮನಿಗೆ ಯಾವ ಬಣ್ಣ ಬೇಕೆಂದು ಕೇಳುವ ಅಗತ್ಯವೇ ಇರಲಿಲ್ಲ. ಇಬ್ಬನಿ ಬಿದ್ದ ಎಳೆ ಅವರೆಕಾಯಿಯ ಹಸಿರು. ಎಲೆಯದಲ್ಲ, ಕಾಯಿಯದು. "ಹೊಲ ಇವತ್ತಲ್ಲ ನಾಳೆ ಹೋಗ್ತದೆ. ಬಣ್ಣನಾದ್ರೂ ನನ್ ಹತ್ರ ಇರ್ಲಿ," ಎಂದಳು. ನಗುತ್ತಲೇ ಅಂದಳು.

ಆದುದರಿಂದ ಕಳೆದ ಸಂಕ್ರಾಂತಿಯ ಮಾರನೆಯ ದಿನ ಬೆಳಗಿನ ಏಳು ಗಂಟೆಗೆ ನಾವಿಬ್ಬರೂ ಹೊಲಕ್ಕೆ ಹೋಗಿ, ಸಾಲು ಸಾಲು ಹುಡುಕಿ, ಇಡೀ ಎಕರೆಯಲ್ಲೇ ಚೆಲುವಾದ ಒಂದು ಕಾಯನ್ನು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ದಪ್ಪ ಲಕೋಟೆಯಲ್ಲಿಟ್ಟು ತಮಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆವು. ಅಂಚೆ ಮಾಸ್ತರರು ಲಕೋಟೆಯನ್ನು ಮೂಗಿಗೆ ಹಿಡಿದು, "ಏನ್ ಸೊಗಡು ಸಾರ್, ಬೊಂಬಾಯಿಗೆ ಯಾಕೆ ಕಳಿಸ್ತೀರಿ, ಇಲ್ಲೇ ಕೊಡಿ," ಎಂದು ಕೇಳಿದರು. ಕೊಟ್ಟಿದ್ದರೆ ಚೆನ್ನಾಗಿತ್ತು, ಅವರ ಮನೆಯಲ್ಲಿ ಒಂದು ಹೊತ್ತಿನ ಸಾರಿಗಾದರೂ ಬೀಳುತ್ತಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ ಪ್ರಕೃತಿ ಪಾಠ ಹೇಳಿದ ನನಗೆ, ಕಿತ್ತ ಕಾಯಿ ಒಣಗುತ್ತದೆಂಬ ಒಂದು ಸಂಗತಿ ಆ ದಿನ ತಲೆಗೆ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಅವರೆ ಬಿಡಿಸಿದ ಮಂಗಮ್ಮನಿಗೂ ಹೊಳೆಯಲಿಲ್ಲ. ಕಾರು ಬರುತ್ತದೆಂಬ ಸಂತೋಷದಲ್ಲಿ ನಮ್ಮಿಬ್ಬರಿಗೂ ಮಂಕು ಕವಿದಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಲಕೋಟೆ ಬೊಂಬಾಯಿ ಸೇರಲು ಒಂಬತ್ತು ದಿನ. ತಮ್ಮ ಮೇಜಿನ ತಟ್ಟೆಯಲ್ಲಿ ಅದು ವಿಶ್ರಾಂತಿ ಪಡೆದದ್ದು ಯುಗಾದಿ ಕಳೆಯುವವರೆಗೆ. ಆಮೇಲೆ ತಾವು ಅದನ್ನು ಒಡೆದು, ಒಳಗಿನ ವಸ್ತುವಿನ ಬಣ್ಣವನ್ನು ತಮ್ಮ ವಚನದಂತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಸಿದಿರಿ. ಆಹಾ! ಎಂಥ ನಿಷ್ಠೆ, ಎಂಥ ಕಣ್ಣು! ಒಣಗಿ ಮುರುಟಿದ ಸಿಪ್ಪೆಯ ಮಾಸಲು ಕಂದು ಇಡೀ ಮೈಮೇಲೆ ಬಂದಿದೆ. ಕಾಯಿಯ ಅಂಚಿನಲ್ಲಿ ಒಂದು ನೇರಳೆ ಗೆರೆ ಇರುತ್ತದಲ್ಲ, ಅದು ಒಣಗಿ ಕಪ್ಪಾಗಿದ್ದಿರಬೇಕು, ಎರಡೂ ಮಗ್ಗುಲಿಗೆ ಮುಂದಿನಿಂದ ಹಿಂದಿನವರೆಗೆ ಕಪ್ಪು ಗೆರೆ ಎಳೆದಿದ್ದೀರಿ. ದಾರಿಯಲ್ಲಿ ಯಾವುದೋ ಹುಳು ಅದಕ್ಕೆ ಬಾಯಿ ಹಾಕಿರಬೇಕು, ಎಡಗಡೆಯ ಬಾಗಿಲ ಮೇಲೆ ಕಾಸಿನಗಲದ ಒಂದು ಕರಿ ಚುಕ್ಕೆಯನ್ನು ಕೂಡ ಮರೆಯದೆ ಇಟ್ಟಿದ್ದೀರಿ. ಹುಳುವನ್ನೂ ಬರೆದು ಕಳುಹಿಸಲಿಲ್ಲವಲ್ಲ ಎಂಬುದೊಂದೇ ನನ್ನ ಕೊರಗು.

ಇಲ್ಲಿ ನಮ್ಮದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಹೋದ ಆಷಾಢದಲ್ಲಿ ತಾವು ಒಪ್ಪಿಗೆಗಾಗಿ ಬಣ್ಣ ಬಳಿದ ತಗಡಿನ ಹಲಗೆಯೊಂದನ್ನು ಕಳುಹಿಸಿದ್ದಿರಿ. ಅದು ಬಂದಾಗ ನಾನು ಪೆನ್ಷನ್ನಿಗೆಂದು ಹೋಗಿದ್ದೆ. ಮಂಗಮ್ಮ ಅದನ್ನು ಕಂಪನಿಯವರು ಕ್ಯಾಲೆಂಡರಿನ ಹಾಗೆ ಪುಕ್ಕಟೆ ಕೊಟ್ಟ ಮುಚ್ಚಳವೆಂದು ತಿಳಿದು ಬಚ್ಚಲ ಹಂಡೆಯ ಮೇಲೆ ಮುಚ್ಚಿದಳು. ನಾನು ಬರುವಷ್ಟರಲ್ಲಿ ಅದು ಮಸಿ ಹಿಡಿದು ಕಾಡಿಗೆಯಾಗಿತ್ತು. ಏಳು ದಿನದೊಳಗೆ ಒಪ್ಪಿಗೆ ಬಾರದಿದ್ದರೆ ನಮ್ಮ ಹೆಸರು ಪಟ್ಟಿಯ ಕೊನೆಗೆ ಹೋಗುವುದೆಂದು ತಾವು ಬರೆದಿದ್ದಿರಿ, ಇಷ್ಟು ದೊಡ್ಡ ಕಂಪನಿ ತಪ್ಪು ಮಾಡೀತೇ ಎಂದು ನಾನು ಕಣ್ಣು ಮುಚ್ಚಿ ರುಜು ಹಾಕಿದೆ. "ಬಣ್ಣ ಅಂತ ಯಾರಿಗ್ ಗೊತ್ತು? ತಗಡಿಗೆ ತುಕ್ಕು ಹಿಡ್ದದೆ ಅಂದ್ಕೊಂಡೆ," ಎಂಬುದು ಮಂಗಮ್ಮನ ಹೇಳಿಕೆ. ಇದನ್ನು ತಮ್ಮ ಕಲೆಯ ಬಗ್ಗೆ ಬಂದ ಮೊದಲ ವಿಮರ್ಶೆಯೆಂದು ಸ್ವೀಕರಿಸಬೇಕು.

ಕಳೆದ ತಿಂಗಳು ತಮ್ಮ ಬೆಂಗಳೂರಿನ ಏಜೆಂಟರಾದ ಶ್ರೀ ವೆಂಕಟಾಚಲ ಅವರು ಕಾರನ್ನು ತಂದರು. ಮಂಗಮ್ಮ ತಲೆಗೆ ನೀರು ಹಾಕಿಕೊಂಡು, ಆರತಿ ತಟ್ಟೆ ಹಿಡಿದು ನಿಂತಿದ್ದಳು. ಊರೆಲ್ಲ ಸೇರಿತ್ತು. ಬೋರಣ್ಣ ಕಾರಿನ ಸುತ್ತ ಒಂದು ಸುತ್ತು ಬಂದು, "ಅಕ್ಕಾ, ಒಳ್ಳೆ ಗಾಡಿ. ಸಗಣಿ ಸಾರ್ಸೇ ಕಳ್ಸವ್ರೆ, ರಂಗೋಲಿ ಒಂದ್ ಬಿಟ್ರೆ ಆಯ್ತು," ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಮಂಗಮ್ಮ ನಗಲಿಲ್ಲ. ಕಾರಿನ ಮೈಯನ್ನು ಒಮ್ಮೆ ಮುಟ್ಟಿ ನೋಡಿ, "ಇದು ನಮ್ ಹೊಲದ್ದಲ್ಲ," ಎಂದು ಆರತಿ ತಟ್ಟೆಯೊಂದಿಗೆ ಒಳಗೆ ಹೋದಳು. ಏಜೆಂಟರು ರಸೀತಿಗೆ ರುಜು ಕೇಳಿದರೆ ಹಾಕಲಿಲ್ಲ. ಅವಳ ಮುಖ ನೋಡಿ ನನಗೆ ಅಳು ಬರುವಂತಾಯಿತು, ಮಾನ್ಯರೇ. ಮೂರು ಮಕ್ಕಳ ಮದುವೆಯಲ್ಲಿ ಒಂದು ಹೊಸ ಓಲೆ ಕೇಳದವಳು ಜೀವಮಾನದಲ್ಲಿ ಒಂದೇ ಒಂದು ಬಣ್ಣ ಕೇಳಿದ್ದಳು.

ರುಜು ಬೀಳುವವರೆಗೆ ಕಾರು ಕಂಪನಿಯ ಸ್ವತ್ತು, ಕಂಪನಿಯ ಲಿಖಿತ ಅಪ್ಪಣೆಯಿಲ್ಲದೆ ಅದನ್ನು ಯಾರೂ ಅಲುಗಾಡಿಸಕೂಡದು ಎಂದು ಶ್ರೀ ವೆಂಕಟಾಚಲ ಅವರು ನನಗೆ ನಿಯಮ ಓದಿ ಹೇಳಿ, ಅದರ ಒಂದು ಪ್ರತಿಯನ್ನೂ ಕೈಗಿತ್ತರು. ನಮ್ಮ ಬೀದಿ ಇಕ್ಕಟ್ಟು, ಆದ್ದರಿಂದ ಕಾರನ್ನು ಹೊಲದ ಬಾಯಿಗೆ, ಗಾಡಿದಾರಿಯ ನಡುವೆ ನಿಲ್ಲಿಸಿ, ಕೀಲಿಕೈಯನ್ನು ಬೊಂಬಾಯಿಗೆ ಕಳುಹಿಸುವುದಾಗಿ ಜೇಬಿಗೆ ಹಾಕಿಕೊಂಡು, ಬಸ್ಸಿನಲ್ಲಿ ಹೋದರು. ಅಂದಿನಿಂದ ನಾನು ತಮಗೆ ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ಸುಲಭವಾಗಿ ಓದಲು ಬರುವ ಪತ್ರವನ್ನು ಯಾರೂ ಓದುವುದಿಲ್ಲವೆಂದು ಅರ್ಥ ಮಾಡಿಕೊಂಡು ಈ ಸಲ ಕನ್ನಡದಲ್ಲಿ ಬರೆದು, ಪ್ರತಿಯನ್ನು ಪತ್ರಿಕೆಗೂ ಕಳುಹಿಸುತ್ತಿದ್ದೇನೆ. ಏನಿದೆಯೋ ಎಂಬ ಗಾಬರಿಗಾದರೂ ತಾವು ಯಾರಿಂದಲಾದರೂ ಓದಿಸುತ್ತೀರಿ.

ಈಗ ವಿಷಯಕ್ಕೆ ಬರುತ್ತೇನೆ. ಉಳಿದ ಆ ಒಂದು ಎಕರೆಗೂ ನೋಟೀಸು ಬಂದಿದೆ. ಇದೇ ಡಿಸೆಂಬರ್ ಮುಗಿಯುವುದರೊಳಗೆ ಸೈಟುಗಳ ಗಡಿಕಲ್ಲು ನೆಡುತ್ತಾರಂತೆ. ಹೊಲದಲ್ಲಿ ಕಾಯಿ ಈಗತಾನೇ ಕಟ್ಟಿದೆ, ಬಲಿಯಲು ಸಂಕ್ರಾಂತಿಯಾಗಬೇಕು. ಹದಿನೈದು ದಿನ ತಡೆಯಿರಿ, ಬೆಳೆ ಕೊಯ್ದುಕೊಳ್ಳುತ್ತೇವೆ ಎಂದು ಬಡಾವಣೆ ಆಫೀಸಿನವರನ್ನು ಬೇಡಿದರೆ, ಬೆಳೆಯ ವಿಚಾರ ಅವರ ಶಾಖೆಗೆ ಬರುವುದಿಲ್ಲವೆಂದರು. ಮಂಗಮ್ಮ ಬಿತ್ತಿದ ಕೊನೆಯ ಬೆಳೆ ಇದು. ಕಲ್ಲು ಬಿದ್ದ ಮೇಲೆ ಈ ಹಸಿರನ್ನು ತಮ್ಮ ಯಾವ ಡ್ರಮ್ಮಿನಲ್ಲಿ ಹುಡುಕಲಿ?

ಆದ್ದರಿಂದ ಕೈಮುಗಿದು ಕೇಳುವುದೇನೆಂದರೆ, ತಮ್ಮ ಅತ್ಯುತ್ತಮ ಬಣ್ಣಗಾರನೊಬ್ಬನನ್ನು ಕುಂಚ, ಡಬ್ಬಿ, ಉಣ್ಣೆಯ ಟೋಪಿ ಸಮೇತ ಮೂವತ್ತನೇ ತಾರೀಖಿನೊಳಗೆ ರೈಲು ಹತ್ತಿಸಬೇಕು. ಬೆಳಿಗ್ಗೆ ಆರೂವರೆಗೆ ಇಬ್ಬನಿ ಆರುವ ಮೊದಲು ಅವನು ಗಿಡದ ಮೇಲಿರುವ ಕಾಯಿಯನ್ನೇ ನೋಡಿ ಬಣ್ಣ ಕಲಸಬೇಕು. ಕಿತ್ತು ನೋಡಿದರೆ ಮಂಗಮ್ಮ ಕೈ ಮೇಲೆ ಹೊಡೆಯುತ್ತಾಳೆ. ಅದು ಸಾಧ್ಯವಾಗದಿದ್ದರೆ ಕಾರ್ಖಾನೆಯನ್ನೇ ಇಲ್ಲೇ ಹತ್ತಿರದ ತಲಘಟ್ಟಪುರಕ್ಕೆ ವರ್ಗಾಯಿಸಬಹುದು, ಗಾಳಿ ಚೆನ್ನಾಗಿದೆ, ನೀರು ಸಿಹಿ. ಅದೂ ಆಗದಿದ್ದರೆ ಒಳಗಿಟ್ಟ ಕಾಯಿಗೆ ದಿನಗಳು ಕಳೆದದ್ದೇ ತಿಳಿಯದಂಥ ಲಕೋಟೆಯೊಂದನ್ನು ತಮ್ಮ ವಿಜ್ಞಾನಿಗಳಿಂದ ಕಂಡುಹಿಡಿಸಿ ಕಳುಹಿಸಬೇಕು. ಅಂಥದ್ದು ಒಂದು ಎಕರೆಯಗಲ ಸಿಕ್ಕುವುದಾದರೆ ಮಂಗಮ್ಮ ಕಾರಿನ ಆಸೆಯನ್ನೇ ಬಿಡುತ್ತಾಳೆ. ಬಣ್ಣಗಾರನ ಊಟದ ಚಿಂತೆ ತಮಗೆ ಬೇಡ. ಹಿತಕಿದ ಬೇಳೆಯ ಸಾರನ್ನು ಒಮ್ಮೆ ಉಂಡವನು ಬೊಂಬಾಯಿಗೆ ವಾಪಸು ಬರದಿದ್ದರೆ ಅದಕ್ಕೆ ನಾವು ಜವಾಬ್ದಾರರಲ್ಲ.

ತಮ್ಮ ಕಣ್ಣಿನ ಚುರುಕಿಗೆ ಸದಾ ಬೆರಗಾಗಿರುವ,

ತಮ್ಮ ವಿಶ್ವಾಸಿ,
ಗಂಗಾಧರಯ್ಯ

ಮರೆತ ಮಾತು, ೨೪ನೇ ಡಿಸೆಂಬರ್: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಪರಿಸ್ಥಿತಿ ಬದಲಾಗಿರುವುದರಿಂದ ಮೇಲಿನ ಎಲ್ಲ ಬೇಡಿಕೆಗಳನ್ನೂ ತಾವು ಮರೆತುಬಿಡಬೇಕು. ಇವತ್ತು ಬೆಳಿಗ್ಗೆ ಬಡಾವಣೆ ಆಫೀಸಿನ ಕಲ್ಲಿನ ಲಾರಿ ಬಂತು. ಹೊಲಕ್ಕೆ ಇರುವುದೊಂದೇ ದಾರಿ, ದಾರಿಗೆ ಅಡ್ಡ ತಮ್ಮ ಕಾರು. ತೆಗೆಯಿರಿ ಎಂದರು ಅಧಿಕಾರಿಗಳು. "ನಮ್ದಲ್ಲ ಸ್ವಾಮಿ, ಬೊಂಬಾಯಿ ಕಂಪ್ನೀದು. ನಾನಿನ್ನೂ ರುಜು ಹಾಕಿಲ್ಲ. ಅವ್ರ ಅಪ್ಪಣೆ ಇಲ್ದೆ ಮುಟ್ಟಂಗಿಲ್ಲ ಅಂತ ಏಜೆಂಟ್ರೇ ಹೇಳವ್ರೆ," ಎಂದಳು ಮಂಗಮ್ಮ. ನಾನು ನಿಯಮದ ಪ್ರತಿಯನ್ನು ತೋರಿಸಿದೆ. ಅವರು ಎರಡು ಸಲ ಓದಿ, ತಲೆ ಕೆರೆದುಕೊಂಡು, ತಮ್ಮ ಅಪ್ಪಣೆ ಕೇಳಿ ಬೊಂಬಾಯಿಗೆ ಪತ್ರ ಬರೆಯುತ್ತೇವೆಂದು ಲಾರಿಯನ್ನು ವಾಪಸು ತಿರುಗಿಸಿದರು.

ಲಾರಿ ಹೋದ ಮೇಲೆ ಮಂಗಮ್ಮ ಮೊದಲ ಸಲ ಕಾರಿನ ಬಾಗಿಲು ತೆಗೆದು ಸ್ಟೀರಿಂಗಿನ ಮುಂದೆ ಕೂತಳು. ಹೊದಿಕೆ ಹಿಂದಕ್ಕೆ ಮಡಿಚಿತ್ತು. ಬಣ್ಣ ಹಿಡಿಸಿತೇ ಎಂದು ಹೆದರುತ್ತಲೇ ಕೇಳಿದೆ. "ಒಳಗ್ ಕೂತ್ರೆ ಗಾಡಿ ಬಣ್ಣ ಎಲ್ ಕಾಣ್ತದೆ ಮೇಷ್ಟ್ರೇ? ಹೊಲದ್ದೇ ಕಾಣೋದು," ಎಂದಳು. ಆಮೇಲೆ ಪಕ್ಕದ ಸೀಟನ್ನು ತಟ್ಟಿ, ಕೂತ್ಕೊಳ್ಳಿ ಎಂದಳು. ಕೂತೆ.

ಆದುದರಿಂದ ಈ ಪತ್ರದ ಬೆನ್ನಿಗೇ ಬಡಾವಣೆ ಆಫೀಸಿನ ಅತಿ ತುರ್ತು ಪತ್ರವೊಂದು ತಮ್ಮ ಮೇಜಿಗೆ ಬರುತ್ತದೆ. ನನ್ನ ಮೂರು ಪತ್ರಗಳಿಗೆ ತಾವು ತೋರಿಸಿದ ಗೌರವವನ್ನೇ, ಒಂದು ಗುಲಗಂಜಿಯಷ್ಟೂ ಕಡಿಮೆಯಾಗದಂತೆ, ಸಂಕ್ರಾಂತಿ ಕಳೆಯುವವರೆಗೆ ಅದಕ್ಕೂ ತೋರಿಸಬೇಕಾಗಿ ವಿನಂತಿ.