ಆರ್ಲೋನ ಕೆಂಪು ಜಿಡ್ಡು

ವೆಂಡೆಲ್ ಕ್ರಾಟ್ಜರ್‌ನ ಹೊಟ್ಟೆಗೆ ಅವತ್ತು ಬೆಳಿಗ್ಗೆ ಕಿಚ್ಚು ಹಚ್ಚಿದ್ದು ಒಂದು ಕಾಗದದ ಚೂರು. ಅದರಲ್ಲಿ ಗುಂಡಿನ ಐದು ತೂತು. ಐದೂ ಫೋಟೋಕ್ಕೆ ನಿಂತ ಅಣ್ಣತಮ್ಮಂದಿರ ಹಾಗೆ ಹೆಗಲಿಗೆ ಹೆಗಲು ತಾಗಿಸಿಕೊಂಡಿದ್ದವು. ಪಕ್ಕದ ಮನೆಯ ಆರ್ಲೋ ಅದನ್ನು ತನ್ನ ಪಿಕಪ್ ಗಾಡಿಯ ಗಾಜಿಗೆ ಅಂಟಿಸಿ, ಗಾಡಿಯನ್ನು ವೆಂಡೆಲ್‌ನ ಅಡುಗೆಮನೆ ಕಿಟಕಿಗೆ ನೇರವಾಗಿ ನಿಲ್ಲಿಸಿದ್ದ.

"ನೂರು ಗಜದಿಂದ ಹೊಡೆದಿದ್ದಂತೆ," ಎಂದಳು ಹೆಂಡತಿ ಬರ್ನಿಸ್, ಕಾಫಿ ಬಗ್ಗಿಸುತ್ತ. "ಐದನ್ನೂ ಒಂದು ನಾಣ್ಯದಲ್ಲಿ ಮುಚ್ಚಬಹುದು."

"ನಾನು ನಿನ್ನ ಕೇಳಿದ್ನಾ?"

"ನಿನ್ನವನ್ನ ಮುಚ್ಚೋಕೆ ಪ್ಯಾನ್‌ಕೇಕ್ ಕಾವಲಿ ಬೇಕಾಗುತ್ತೆ. ಅಷ್ಟೇ ಹೇಳಿದ್ದು."

ಜಿಂಕೆ ಬೇಟೆ ಶುರುವಾಗುವ ಮುಂಚಿನ ಶನಿವಾರ ಊರಿನ ಬೇಟೆ ಕ್ಲಬ್ಬಿನಲ್ಲಿ ಗುರಿ ಪಂದ್ಯ. ಅವತ್ತೇ ಆ ಶನಿವಾರ. ಮನೆಯಲ್ಲೇ ಸೀಸ ಕರಗಿಸಿ ಎರಕ ಹೊಯ್ದ ಗುಂಡು ಮಾತ್ರ ನಡೆಯುತ್ತದೆ. ಗೆದ್ದವನಿಗೆ ಹಳೇ ಸೇಬಿನ ತೋಟದಲ್ಲಿ ಮರದ ಮೇಲಿನ ಬೇಟೆ ಅಟ್ಟ. ಮೊದಲ ದಿನ ಅಲ್ಲಿ ಕೂತವನ ಮುಂದೆ ಜಿಂಕೆಗಳು ತಾವಾಗಿ ಬಂದು ನಿಲ್ಲುತ್ತವೆ. ಎಂಟು ವರ್ಷದಿಂದ ಅಲ್ಲಿ ಕೂತಿದ್ದು ಆರ್ಲೋ. ಎಂಟು ವರ್ಷದಿಂದ ವೆಂಡೆಲ್ ಕೂತಿದ್ದು ಕೆಸರು ಹೊಂಡದ ದಡದಲ್ಲಿ. ಅಲ್ಲಿ ಅವನಿಗೆ ಈವರೆಗೆ ಕಾಣಿಸಿದ್ದು ದಾರಿ ತಪ್ಪಿದ ಒಂದು ನಾಯಿ.

ಇಬ್ಬರದೂ ಒಂದೇ ಥರದ ರೈಫಲ್, ಒಂದೇ ಅಚ್ಚು, ಟೈರು ಅಂಗಡಿಯ ಅದೇ ಹಳೇ ಸೀಸ. ವ್ಯತ್ಯಾಸವೆಲ್ಲ ಗುಂಡಿನ ಸೊಂಟದ ಗೆರೆಗೆ ಮೆತ್ತುವ ಜಿಡ್ಡಿನಲ್ಲಿ. ಜಿಡ್ಡು ಸರಿಯಿಲ್ಲದಿದ್ದರೆ ಸೀಸ ನಳಿಗೆಯೊಳಗೆ ಅಂಟಿಕೊಂಡು, ಮುಂದಿನ ಗುಂಡು ಕುಡುಕನ ಹಾಗೆ ಎತ್ತಲೋ ಹೋಗುತ್ತದೆ. ಆರ್ಲೋನದು ಕೆಂಪು ಜಿಡ್ಡು, ಮೆತ್ತಗೆ, ಘಮಘಮ. ವೆಂಡೆಲ್ ಜೇನುಮೇಣಕ್ಕೆ ಅದೂ ಇದೂ ಬೆರೆಸಿ ಹಸಿರು, ಹಳದಿ, ಕಪ್ಪು, ಎಲ್ಲ ಬಣ್ಣದ್ದೂ ಮಾಡಿ ನೋಡಿದ್ದ. ಏನು ಹಾಕಿದೆ ಎಂದು ಬರೆದಿಟ್ಟುಕೊಂಡವನಲ್ಲ. "ಬರ್ಕೊಳ್ಳೋದು ಮರೆವಿನವರ ಕೆಲಸ," ಅನ್ನುವನು.

ಕಾಫಿ ಆರುವ ಮೊದಲೇ ಅವನು ಆರ್ಲೋನ ಷೆಡ್ಡಿನಲ್ಲಿದ್ದ. ನೆಪ, ಏಣಿ. ಅದು ವೆಂಡೆಲ್‌ನದೇ ಏಣಿ. ಬರ್ನಿಸ್ ಯಾವತ್ತೋ ಅಂಗಳದಲ್ಲಿ ಹಳೇ ಸಾಮಾನು ಮಾರುವಾಗ ಆರ್ಲೋಗೆ ಮಾರಿಬಿಟ್ಟಿದ್ದಳು.

"ಹಿಂದುಗಡೆ ಇದೆ, ತರ್ತೀನಿ ತಡಿ," ಎಂದು ಆರ್ಲೋ ಹೋದ.

ಬೆಂಚಿನ ಮೇಲೆ ಮೇಣದ ಕಾಗದದಲ್ಲಿ ಕೋಳಿಮೊಟ್ಟೆ ಗಾತ್ರದ ಕೆಂಪು ಉಂಡೆ. ವೆಂಡೆಲ್‌ನ ಕೈ ಅವನನ್ನು ಕೇಳದೆಯೇ ಅದನ್ನೆತ್ತಿ ಪ್ಯಾಂಟಿನ ಜೇಬಿಗೆ ಹಾಕಿತು. ಜಿಡ್ಡಿಲ್ಲದ ಬೋಳು ಗುಂಡು, ಕೈಯಲ್ಲೇ ತೋಟಾ ತುಂಬುವ ಇಕ್ಕಳ, ಎಲ್ಲ ಅವನ ಗಾಡಿಯಲ್ಲಿತ್ತು. ದಾರಿಯಲ್ಲಿ ನಿಲ್ಲಿಸಿ ಬೆರಳಲ್ಲೇ ಮೆತ್ತಿದರೆ ಅರ್ಧ ಗಂಟೆ. ಅಟ್ಟ ತನ್ನದು!

ಆರ್ಲೋ ಏಣಿ ಒರಗಿಸಿದ. "ಕ್ಲಬ್ಬಿಗೆ ತಾನೆ ಹೊರಟಿದ್ದು? ನಾನೂ ನಿನ್ ಜೊತೆ ಬರ್ತೀನಪ್ಪ. ನನ್ ಗಾಡಿ ಇವತ್ತು ಇಲ್ಲೇ ಇರ್ಲಿ. ಎಷ್ಟು ಚೆನ್ನಾಗಿ ನಿಂತಿದೆ ನೋಡು."

ವೆಂಡೆಲ್‌ನ ಗಾಡಿಯಲ್ಲಿ ಬರ್ನಿಸ್ ನಡುವೆ, ಆರ್ಲೋ ಕಿಟಕಿಗೆ, ದಾರಿಯುದ್ದಕ್ಕೂ ಹರಟೆ. ಮೆತ್ತುವುದೆಲ್ಲಿ ಬಂತು?

ಕ್ಲಬ್ಬಿನಲ್ಲಿ ಪಂದ್ಯದ ಮುಂಚೆ ಎಲ್ಲರಿಗೂ ಪ್ಯಾನ್‌ಕೇಕ್ ತಿಂಡಿ. ಬಡಿಸುತ್ತಿದ್ದವಳು ಆರ್ಲೋನ ಹೆಂಡತಿ ಡಾಟ್. ಇಪ್ಪತ್ತು ವರ್ಷ ಆಂಬುಲೆನ್ಸಿನಲ್ಲಿ ದುಡಿದವಳು. ನೆಟ್ಟಗಿರುವವರನ್ನು ಕಂಡರೂ ನಾಡಿ ಹಿಡಿಯುವಳು.

"ಏ ವೆಂಡೆಲ್, ಮುಖ ಯಾಕೆ ಹೀಗೆ ಬಿಳಿಚಿದೆ? ಬಾ, ಒಲೆ ಪಕ್ಕ ಕೂತ್ಕೋ."

"ಬೇಡ ಡಾಟ್, ಸೆಕೆ ಆಗ್ತಿದೆ."

"ಹೊರಗೆ ಹಿಮ ಬೀಳ್ತಿದೆ, ಇವನಿಗೆ ಸೆಕೆಯಂತೆ! ಜ್ವರಾನೇ ಇರ್ಬೇಕು. ಕೂತ್ಕೋ ಅಂದ್ರೆ ಕೂತ್ಕೋ!"

ಕೂತ. ಕಟ್ಟಿಗೆ ಒಲೆ ಧಗಧಗ ಉರಿಯುತ್ತಿತ್ತು. ಎರಡನೇ ಪ್ಯಾನ್‌ಕೇಕ್ ಮುಗಿಯುವಷ್ಟರಲ್ಲಿ ತೊಡೆಗೆ ಬೆಚ್ಚಗೆ ಏನೋ ಹರಿದಂತಾಯಿತು. ಮೂರನೆಯದಕ್ಕೆ ಅದು ಮೊಣಕಾಲು ಮುಟ್ಟಿತು.

"ಅಯ್ಯೋ ದೇವ್ರೇ, ರಕ್ತ!" ಡಾಟ್ ಕಿರುಚಿದಳು.

"ಏನಿಲ್ಲ, ಸಿರಪ್ ಚೆಲ್ಲಿದೆ."

"ಸಿರಪ್ ಕೆಂಪಗಿರುತ್ತೇನೋ?"

"ಹಾಗಾದ್ರೆ... ಹಳೇ ಗಾಯ. ಒಡೀತು ಅನ್ಸುತ್ತೆ."

"ಯಾವ ಗಾಯ?" ಬರ್ನಿಸ್ ಎದ್ದು ಬಂದಳು. "ನಲವತ್ತು ವರ್ಷದಲ್ಲಿ ನಾನು ನೋಡದ ಗಾಯ ಎಲ್ಲಿ ಇಟ್ಕೊಂಡಿದ್ದೆ?"

ನಾಲ್ಕು ಜನ ಅವನನ್ನೆತ್ತಿ ತಟ್ಟೆಗಳ ನಡುವೆ ಮೇಜಿನ ಮೇಲೆ ಮಲಗಿಸಿದರು. "ಕಾಲು ಮೇಲೆತ್ತಿ!" ಎಂದ ಒಬ್ಬ. "ತಲೆ!" ಎಂದ ಇನ್ನೊಬ್ಬ. ಎರಡನ್ನೂ ಎತ್ತಿದರು. ಡಾಟ್‌ಳ ಕತ್ತರಿ ಪ್ಯಾಂಟನ್ನು ಕೆಳಗಿನಿಂದ ಮೇಲಿನವರೆಗೂ ಸೀಳಿತು. ಒಳಗಿನ ಉಣ್ಣೆ ಚಡ್ಡಿ ಊರಿಗೆಲ್ಲ ಕಾಣಿಸಿತು. ಮೇಣದ ಕಾಗದ ತಪ್ ಎಂದು ನೆಲಕ್ಕೆ ಬಿತ್ತು.

ಆರ್ಲೋ ಅದನ್ನೆತ್ತಿ ಮೂಸಿದ.

"ರಕ್ತ ಅಲ್ಲ ಡಾಟ್," ಅಂದ ನಿಧಾನವಾಗಿ. "ನನ್ನ ಜಿಡ್ಡು."

ವೆಂಡೆಲ್ ಮಲಗಿದಲ್ಲಿಂದಲೇ ಸಿಡಿದ. "ಹೌದು, ಕದ್ದೆ! ಎಂಟು ವರ್ಷ ಕೆಸರಲ್ಲಿ ಕೂತು ನೋಡು, ನೀನೂ ಕದೀತೀಯ!"

ಆರ್ಲೋನ ಕಿವಿ ಕೆಂಪಾಯಿತು. "ಕದಿಯೋದು ಯಾಕಪ್ಪ? ಅದು ನಿಂದೇ ಅಲ್ವಾ?"

"ಏನಂದೆ?"

ಆರ್ಲೋ ಚೀಲದಿಂದ ಒಂದು ಖಾಲಿ ಕಾಫಿ ಡಬ್ಬಿ ತೆಗೆದ. ಅದಕ್ಕಂಟಿಸಿದ ಪಟ್ಟಿಯಲ್ಲಿ ವೆಂಡೆಲ್‌ನದೇ ಅಕ್ಷರ: 'ಶುದ್ಧ ದಂಡ. ಬಿಸಾಕು.'

"ಏಣಿ ತಗೊಂಡ್ರೆ ಈ ಜಿಡ್ಡಿನ ಡಬ್ಬಿ ಪುಕ್ಕಟೆ ಅಂದಿದ್ಲು ಬರ್ನಿಸ್, ಎಂಟು ವರ್ಷದ ಹಿಂದೆ. ಹೇಳಿದ್ರೆ ವಾಪಸ್ ಕೇಳ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ. ಈ ವರ್ಷದ ಗುಂಡಿಗೆಲ್ಲ ಹಚ್ಚಿ ಆಯ್ತು. ಆ ಉಂಡೆನೇ ಕೊನೇದು. ಇವತ್ತು ಪಂದ್ಯ ಮುಗಿದ ಮೇಲೆ ಹೇಗೆ ಮಾಡೋದು ಅಂತ ನಿನ್ನ ಕಾಲು ಹಿಡಿದು ಕೇಳೋಣ ಅಂತಾನೇ ಡಬ್ಬಿ ತಂದೆ."

"ಆದ್ರೆ ಆ ಜಿಡ್ಡಲ್ಲಿ ನನ್ನ ಒಂದು ಗುಂಡೂ ತಾಗ್ಲಿಲ್ಲ!"

"ಆ ವರ್ಷ ನಿನ್ನ ರೈಫಲ್ ಮೇಲಿನ ದುರ್ಬೀನಿನ ತಿರುಪು ಸಡಿಲ ಇತ್ತು ಮಾರಾಯ. ಊರಿಗೆಲ್ಲ ಗೊತ್ತಿತ್ತು."

ಅಷ್ಟರಲ್ಲಿ ಮೇಜಿನ ಸುತ್ತ ಪೆನ್ಸಿಲುಗಳು ಹೊರಬಂದಿದ್ದವು. ಕಾಗದದ ಕರವಸ್ತ್ರ ಹಿಡಿದು ಇಡೀ ಕ್ಲಬ್ಬು ಬಗ್ಗಿ ನಿಂತಿತು.

"ಹೇಳು ವೆಂಡೆಲ್, ಏನೇನು ಹಾಕಿದ್ದೆ?"

ವೆಂಡೆಲ್ ಬಾಯಿ ತೆರೆದ. "ಜೇನುಮೇಣ," ಎಂದ. ಎಲ್ಲರೂ ಬರೆದುಕೊಂಡರು. ಆಮೇಲೆ ಚಾವಣಿ ನೋಡಿದ. ಬಹಳ ಹೊತ್ತು ನೋಡಿದ.

"ಬರ್ಕೊಳ್ಳೋದು ಮರೆವಿನವರ ಕೆಲಸ," ಎಂದಳು ಬರ್ನಿಸ್, ಅವನ ತಟ್ಟೆ ಎತ್ತಿಕೊಳ್ಳುತ್ತ.

ಪಂದ್ಯವನ್ನು ಆರ್ಲೋನೇ ಗೆದ್ದ. ವೆಂಡೆಲ್ ಡಾಟ್‌ಳ ಹೂವಿನ ಏಪ್ರನ್ ಸುತ್ತಿಕೊಂಡು ಮನೆಗೆ ಬಂದು, ಅದರಲ್ಲೇ ಬೆಂಚಿನ ಮುಂದೆ ಕೂತ. ಮೇಣ ಕರಗಿಸಿದ. ಸೋಪು ಹಾಕಿದ, ಮೂಸಿದ. ಕೆಂಪು ಮೇಣದ ಬಳಪ ಹಾಕಿದ, ಮೂಸಿದ. ಹಲ್ಲು ಕಡಿದ.

"ಇನ್ನೂ ಉರೀತಿದೀಯಾ?" ಬರ್ನಿಸ್ ಬಾಗಿಲಲ್ಲಿ ನಿಂತು ಕೇಳಿದಳು. "ಬಿಡು, ಪಾಪ, ಆರ್ಲೋ ಒಳ್ಳೆಯವನು."

"ಆರ್ಲೋ ಮೇಲಲ್ಲ ಕಣೇ," ಎಂದ ವೆಂಡೆಲ್. "ಎಂಟು ವರ್ಷದ ಹಿಂದೆ ಇದೇ ಬೆಂಚಿನ ಮುಂದೆ ಕೂತಿದ್ನಲ್ಲ, ಆ ನನ್ಮಗನ ಮೇಲೆ!"