ವೃಷಭೇಂದ್ರನ ಬ್ಯಾಕ್‌ಲ್ಯಾಶಾಸುರ ವಧೆ

ಕೈಯಿಂದ ತಿರುಗುತ್ತಿದ್ದುದೆಲ್ಲ ಇನ್ನು ತಾನಾಗಿಯೇ ತಿರುಗತಕ್ಕದ್ದೆಂದು ಮನುಷ್ಯಕುಲವು ಹಟ ಹಿಡಿದ ಆ ಪುಣ್ಯಯುಗದಲ್ಲಿ, ಹರಿಯನ್ನೂ ಹರನನ್ನೂ ನಡುವೆ ಕೂದಲೆಳೆಯ ಸಂದು ಬಿಡದೆ ಒಂದೇ ಮೈಯಾಗಿ ಕೂಡಿಸಿದ ಹರಿಹರಪುರದಲ್ಲಿ, ಅಂಬುಜಾಕ್ಷಮ್ಮನವರ ವರ್ಕ್‌ಶಾಪೆಂಬ ತಗಡುಸೂರಿನ ಮಹಾಸಂಸ್ಥಾನದೊಳಗೆ, ಡಿಪ್ಲೊಮಾವಿಭೂಷಿತನೂ ಯೂಟ್ಯೂಬಾಧ್ಯಯನಪಾರಂಗತನೂ ಸ್ಪ್ಯಾನರ್‌ಶೋಭಿತಕರಕಮಲನೂ ಆದ ವೃಷಭೇಂದ್ರನೆಂಬ ವೀರನಿದ್ದನು. ಕೇಳಿ ಸ್ವಾಮಿ ಅವನ ಪ್ರತಾಪವನ್ನು, ಪುರುಸೊತ್ತಿದ್ದರೆ.

ಈ ಧೀರನು ಮೂವತ್ತು ವರ್ಷದ ಮಿಲ್ಲಿಂಗ್ ಮಷೀನೊಂದರ ಹ್ಯಾಂಡಲುಗಳನ್ನು ಕಿತ್ತೊಗೆದು, ಮೋಟರು, ಬಾಲ್ ಸ್ಕ್ರೂ, ಕಂಪ್ಯೂಟರ್ ಪೆಟ್ಟಿಗೆಗಳನ್ನು ಪ್ರತಿಷ್ಠಾಪಿಸಿದನು. ಆ ಹ್ಯಾಂಡಲುಗಳನ್ನು ಇಪ್ಪತ್ತಾರು ವರ್ಷ ತಿರುಗಿಸಿದ್ದ ಹಸ್ತಚಕ್ರಚಕ್ರವರ್ತಿ ಕರಿಬಸಯ್ಯನು ಮೂಲೆಯಲ್ಲಿ ನಿಂತು ಹಲ್ಲು ಕಚ್ಚಿದನು. ಆದರೇನು? ದುಂಡು ತೂತು ಕೊರೆ ಎಂದರೆ ಮಷೀನು ಕೋಳಿಮೊಟ್ಟೆ ಕೊರೆಯಿತು! ಲೋಹದ ತುಂಡನ್ನು ಹೊತ್ತ ಟೇಬಲ್ಲನ್ನು ಸರಿಸುವ ಸ್ಕ್ರೂವಿಗೂ ಅದರ ನಟ್ಟಿಗೂ ನಡುವೆ ಲಗ್ನಪತ್ರಿಕೆಯ ರಟ್ಟಿಗಿಂತ ತೆಳುವಾದ ಸಡಿಲವೊಂದು ಅಡಗಿ ಕುಳಿತಿತ್ತು. ಸ್ಕ್ರೂ ಹಿಂದಕ್ಕೆ ತಿರುಗಿದಾಗ ಆ ಸಡಿಲ ಮುಗಿಯುವವರೆಗೆ ಟೇಬಲ್ಲು ಕದಲುತ್ತಿರಲಿಲ್ಲ. ಇದಕ್ಕೆ ಶಾಪಿನವರು ಬ್ಯಾಕ್‌ಲ್ಯಾಶ್ ಎನ್ನುತ್ತಾರೆ.

ಅಂಬುಜಾಕ್ಷಮ್ಮನವರು ಸೋಮವಾರ ತೀರ್ಪು ಕೊಟ್ಟರು. "ಶನಿವಾರ ನಾಲ್ಕು ಗಂಟೆ ಒಳಗೆ ತೂತು ರೌಂಡ್ ಬರ್ಬೇಕು ನೋಡು ಇಂದ್ರ. ಬರ್ಲಿಲ್ಲ ಅಂದ್ರೆ ಮೋಟರ್ ಬಿಚ್ಚಿ ಕರಿಬಸಣ್ಣಂಗೆ ಹ್ಯಾಂಡಲ್ ವಾಪಸ್ ಹಾಕ್ಕೊಡು. ಬಂತು ಅಂದ್ರೆ, ಕರಿಬಸಣ್ಣ, ಬೇಜಾರ್ ಮಾಡ್ಕೋಬೇಡ್ರಿ, ನೀವು ಅರ ಉಜ್ಜೋ ಬೆಂಚಿಗೆ ಹೋಗ್ಬೇಕಾಗ್ತದೆ."

ಆಗ ವೃಷಭೇಂದ್ರನು ಸ್ಪ್ಯಾನರನ್ನು ಮೇಲೆತ್ತಿ ಗರ್ಜಿಸಿದನು: "ಎಲೈ ಸಡಿಲವೇ! ನಟ್ಟಿನೊಳಗೆ ನುಸುಳಿದ ನೀಚನೇ! ನಿನ್ನ ಬೇರನ್ನು ಕಿತ್ತು ಗ್ರೀಸಿನಲ್ಲಿ ಹೂಳದಿದ್ದರೆ ನಾನು ಡಿಪ್ಲೊಮಾ ಪಾಸಾದವನೇ ಅಲ್ಲ!"

"ಎರಡು ಸಬ್ಜೆಕ್ಟ್ ಬಾಕಿ ಇತ್ತಲ್ಲೋ," ಎಂದನು ಕರಿಬಸಯ್ಯ.

ಯುದ್ಧವಾಯಿತು ಸ್ವಾಮಿ, ಮಹಾಯುದ್ಧ! ಮೊದಲ ದಿನ ವೀರನು ಅಡ್ಡದಾರಿ ಹಿಡಿದು, ಟೇಬಲ್ಲು ದಿಕ್ಕು ಬದಲಿಸಿದಾಗಲೆಲ್ಲ ಸ್ಕ್ರೂವನ್ನು ಸಡಿಲದಷ್ಟು ಹೆಚ್ಚಿಗೆ ತಿರುಗಿಸೆಂದು ಪೆಟ್ಟಿಗೆಗೆ ಒಂದು ಅಂಕಿ ಒತ್ತಿದನು. ಕಟರು ಟೇಬಲ್ಲನ್ನು ಎಳೆದಾಡಿ ತೂತಿನ ತುಂಬ ಗೀರು ಬಿದ್ದವು. ಥೂ, ಅಂಕಿ ಒತ್ತುವುದು ಶೂರರ ಕೆಲಸವೇ ಎಂದು ಅದನ್ನು ಅಲ್ಲೇ ಮರೆತು ಅವನು ನಟ್ಟನ್ನೇ ಬಿಚ್ಚಿದನು. ಒಳಗಿದ್ದ ಉಕ್ಕಿನ ಗುಂಡುಗಳು ದಶದಿಕ್ಕುಗಳಿಗೂ ಓಡಿದವು. ಲೇತಿನ ಅಡಿ, ಕಸದ ಬುಟ್ಟಿಯ ಅಡಿ ಅಂಗಾತ ಬಿದ್ದು ಮ್ಯಾಗ್ನೆಟ್ಟಿನಿಂದ ಅವನು ಅವನ್ನು ಹೆಕ್ಕಿದನು. ಕೊನೆಯ ಒಂದು ಗುಂಡಿಗಾಗಿ ಮಧ್ಯಾಹ್ನವಿಡೀ ಹುಡುಕಿದ್ದಾಯಿತು. ಅದು ಅವನ ಅಂಗಿಯ ಜೇಬಿನಲ್ಲೇ ಇತ್ತು. ಮಂಗಳವಾರ ಆ ಗುಂಡುಗಳನ್ನು ಬಿಟ್ಟು ಅವಕ್ಕಿಂತ ಕೂದಲೆಳೆಯಷ್ಟು ದಪ್ಪನೆಯವನ್ನು ತುಂಬಿದನು. ತೂತು ಮೊಟ್ಟೆ. ನಟ್ಟಿನ ನಡುವೆ ತೆಳು ತಗಡಿಟ್ಟು ಬಿಗಿದನು. ಮೊಟ್ಟೆ! ಮೋಟರು ಹೆರಿಗೆನೋವು ಬಂದಂತೆ ನರಳುವವರೆಗೆ ಬಿಗಿದನು. ಆದರೂ ಮೊಟ್ಟೆಯೇ, ಅಷ್ಟೇ ಉದ್ದದ್ದು.

ಶನಿವಾರ ಮೂರೂವರೆಗೆ ಯೂಟ್ಯೂಬಾಧ್ಯಯನಪಾರಂಗತನು ಆಯಿಲ್ ಡಬ್ಬದ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದನು. ಗೆಲುವು ಕೈಗೆ ಬಂದೇಬಿಟ್ಟಿತ್ತಲ್ಲ, ಕರಿಬಸಯ್ಯನು ಹಳೆಯ ಹ್ಯಾಂಡಲುಗಳನ್ನು ಕಾಟನ್ ವೇಸ್ಟಿನಿಂದ ಒರೆಸಿ, ಎಣ್ಣೆ ಹಚ್ಚಿ, ಎರಡು ಮಾತು ಚುಚ್ಚಿ ಹೋಗೋಣವೆಂದು ಮಷೀನಿನ ಬಳಿ ಬಂದನು. ಕದಲಿಕೆ ಅಳೆಯಲು ಟೇಬಲ್ಲಿಗೆ ತಾಗಿಸಿಟ್ಟಿದ್ದ ಡಯಲ್ ಗೇಜಿನ ಮುಳ್ಳಿನ ಮೇಲೆ ಕಣ್ಣು ಬಿತ್ತು.

"ಇನ್ನೊಂದ್ಸಲ ಹಿಂದಕ್ಕೆ ತಿರುಗ್ಸು."

"ಬಿಡಣ್ಣ, ಹೊಟ್ಟೆ ಉರಿಸ್ಬೇಡ."

"ತಿರುಗ್ಸೋ ಮಾರಾಯ! ನೋಡಿಲ್ಲಿ. ಸಡಿಲ ಇದ್ರೆ ಟೇಬಲ್ ಹಿಂದೆ ಉಳೀಬೇಕು. ಇದು ಮುಂದಕ್ಕೆ ಹಾರ್ತಾ ಐತೆ. ಹ್ಯಾಂಡಲ್ ಇದ್ದಾಗ ನಾನೂ ಸಡಿಲದಷ್ಟು ಜಾಸ್ತಿ ತಿರುಗಿಸ್ತಿದ್ದೆ. ಸಡಿಲ ಹೋದ್ಮೇಲೂ ಹಂಗೇ ತಿರುಗಿಸಿದ್ರೆ ಕೆಡ್ತದಲ್ಲ? ನಿನ್ ಪೆಟ್ಟಿಗೇಗೆ ಸಾಕು ನಿಲ್ಸು ಅಂತ ಹೇಳೀಯೇನು?"

ಶಿವ ಶಿವಾ! ವೀರನ ಮುಖ ಸುಣ್ಣವಾಯಿತು. ಮಂಗಳವಾರವೇ ಸತ್ತಿದ್ದ ರಾಕ್ಷಸನನ್ನು ನಾಲ್ಕು ದಿನ ಬಡಿದದ್ದಾಗಿತ್ತು! ಡಿಪ್ಲೊಮಾವಿಭೂಷಿತನು ಮೊದಲ ದಿನ ಒತ್ತಿ ಮರೆತಿದ್ದ ಅಂಕಿಯನ್ನು ಅಳಿಸಿ ಸೊನ್ನೆ ಒತ್ತಿದನು. ಟಿಕ್ ಎಂದಿತು. ಮಷೀನು ತೂತು ಕೊರೆಯಿತು. ದುಂಡಗಿತ್ತು.

ಕರಿಬಸಯ್ಯನು ಅದನ್ನು ಬೆರಳಿನಿಂದ ಸವರಿ, ಗೇಜಿಟ್ಟು ನೋಡಿ, "ಹಾಂ, ಈಗ ನೋಡು! ಎಷ್ಟು ಚಂದ ಬಂತು!" ಎಂದು ನಕ್ಕನು.

ಅಷ್ಟರಲ್ಲಿ ಅಂಬುಜಾಕ್ಷಮ್ಮನವರು ಬಂದರು. ವೃಷಭೇಂದ್ರನು, "ಅಮ್ಮಾ, ಘೋರಸಂಗ್ರಾಮದಲ್ಲಿ..." ಎಂದು ಆರಂಭಿಸಿ, ಅವರು ದಿಟ್ಟಿಸಿದ್ದೇ ನಡೆದದ್ದನ್ನೆಲ್ಲ ಒಪ್ಪಿಕೊಂಡನು.

"ಒಂದು ಸೊನ್ನೆ ಒತ್ತೋದಕ್ಕೆ ಆರು ದಿನ ಬೇಕಾಯ್ತೇನೋ ನಿಂಗೆ?" ಎಂದು ಅವನಿಗೆ ಮಂಗಳಾರತಿ ಎತ್ತಿ, ಅವರು ಕರಿಬಸಯ್ಯನ ಕಡೆ ತಿರುಗಿದರು. "ನೀವ್ಯಾಕ್ರಿ ಹೇಳ್ಕೊಟ್ರಿ? ಅರ್ಧ ಗಂಟೆ ಬಾಯಿ ಮುಚ್ಕೊಂಡಿದ್ರೆ ಮಷೀನ್ ನಿಮ್ದೇ ಆಗ್ತಿತ್ತಲ್ಲ!"

ಕರಿಬಸಯ್ಯನು ಎಣ್ಣೆಗೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದನು.

"ಅಯ್ಯೋ," ಎಂದನು, "ಮರ್ತೇಬಿಟ್ಟೆ ಕಣಮ್ಮ."